ದಿನಾ ಹತ್ತು ಸಲ ನೂರು ಮೀಟರ್ ಓಡಿಸಿದರೂ ಟೈಮಿಂಗ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ನಮ್ಮಲ್ಲೊಬ್ಬ ಒಂಬತ್ತನೇ ಕ್ಲಾಸಿನ ಹುಡುಗ ನೂರು ಮೀಟರನ್ನು 12.8 ಸೆಕೆಂಡಿನಲ್ಲಿ ಓಡುತ್ತಾನೆ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಮೈದಾನಕ್ಕೆ ಹತ್ತು ರೌಂಡು, ಆಮೇಲೆ ನೂರು ಮೀಟರ್ ಹತ್ತು ಸಲ ಓಡಿಸುತ್ತಿದ್ದೇನೆ. ಟೈಮಿಂಗ್ ಒಂಚೂರೂ ಇಳಿದಿಲ್ಲ. ಬೈಕಿಗೆ ಹಗ್ಗ ಕಟ್ಟಿ ಎಳೆದರೆ ಸ್ಪೀಡ್ ಬರುತ್ತೆ ಅಂತಾರೆ, ನಿಜವಾ ಸರ್?

ಉತ್ತರ: ಬೈಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಹುಡುಗನ ವಿಷಯ. ಅವನ ಓಟ ಕಡಿಮೆಯಾಗಿಲ್ಲ ಮೇಷ್ಟ್ರೇ, ಜಾಸ್ತಿಯಾಗಿದೆ. ಹತ್ತು ರೌಂಡು ಮುಗಿಸಿ, ಕಾಲು ಭಾರವಾದ ಮೇಲೆ ಅವನು ಸ್ಪ್ರಿಂಟ್ ಶುರು ಮಾಡುತ್ತಾನೆ. ಮೂರನೇ ಓಟಕ್ಕೇ ಅವನ ವೇಗ ಬಿದ್ದಿರುತ್ತದೆ. ಉಳಿದ ಏಳು ಓಟದಲ್ಲಿ ಅವನ ಮೈ ಕಲಿಯುವುದು ನಿಧಾನಕ್ಕೆ ಓಡುವುದನ್ನು. ನಾಲ್ಕು ತಿಂಗಳು ದಿನಾ ಅದನ್ನೇ ಕಲಿತಿದ್ದಾನೆ.

ನಾನೂ ಕೋಚಿಂಗ್ ಶುರು ಮಾಡಿದಾಗ ಇದನ್ನೇ ಮಾಡಿದ್ದೆ. ಮಕ್ಕಳು ಮೈದಾನದಂಚಿಗೆ ಹೋಗಿ ವಾಂತಿ ಮಾಡಿಕೊಂಡರೆ ಇವತ್ತು ಪ್ರಾಕ್ಟೀಸ್ ಚೆನ್ನಾಗಾಯಿತು ಅಂದುಕೊಳ್ಳುತ್ತಿದ್ದೆ. ಆ ಮಕ್ಕಳ ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಪೂರ್ತಿ ವೇಗದ ಓಟಕ್ಕೆ ಬೇಕಾದ ಶಕ್ತಿ ಸ್ನಾಯುವಿನೊಳಗೆ ಮೊದಲೇ ಕೂಡಿಟ್ಟಿರುತ್ತದೆ. ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಅಂತ ಅದರ ಹೆಸರು. ಜೋರಾಗಿ ಓಡಿದರೆ ಆರೇಳು ಸೆಕೆಂಡಿನಲ್ಲಿ ಅದರ ಬಹುಪಾಲು ಮುಗಿಯುತ್ತದೆ. ಅರ್ಧ ನಿಮಿಷ ನಿಂತರೆ ಸುಮಾರು ಅರ್ಧದಷ್ಟು ವಾಪಸ್ ಬರುತ್ತದೆ, ಆದರೆ ಹೆಚ್ಚುಕಡಿಮೆ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ನಡೆದುಕೊಂಡು ವಾಪಸ್ ಬಂದು ತಕ್ಷಣ ಮತ್ತೆ ಓಡಿದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಕೋಚ್‌ಗಳು ಪಾಲಿಸುವ ಒಂದು ಸರಳ ಲೆಕ್ಕ ಇದೆ: ಹತ್ತು ಮೀಟರ್ ಓಟಕ್ಕೆ ಒಂದು ನಿಮಿಷ ವಿಶ್ರಾಂತಿ. 30 ಮೀಟರ್ ಓಡಿದರೆ ಮೂರು ನಿಮಿಷ, 60 ಮೀಟರ್ ಓಡಿದರೆ ಆರು ನಿಮಿಷ. ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ, ಮಕ್ಕಳು ಅರ್ಧ ಹೊತ್ತು ಮರದ ಕೆಳಗೆ ಸುಮ್ನೆ ಓಡಾಡಿಕೊಂಡಿರುತ್ತಾರೆ, ಗೇಟಿನ ಹತ್ತಿರ ನಿಂತ ಅಪ್ಪಂದಿರು ಇವರೇನು ಕೋಚಿಂಗ್ ಕೊಡುತ್ತಾರೋ ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ.

ಈಗ ಏನು ಮಾಡಬೇಕು? ಆ ಹತ್ತು ರೌಂಡು ಬಿಟ್ಟುಬಿಡಿ. ಸ್ಪ್ರಿಂಟ್ ವಾರಕ್ಕೆ ಮೂರು ದಿನ ಸಾಕು, ಮಧ್ಯೆ ಒಂದೊಂದು ದಿನ ಬಿಡುವಿರಲಿ. ಇಪ್ಪತ್ತು ನಿಮಿಷ ಚೆನ್ನಾಗಿ ವಾರ್ಮ್ ಅಪ್ ಮಾಡಿಸಿ, ಹೈ ನೀ, ಸ್ಕಿಪ್ಪಿಂಗ್, ಎರಡು ಮೂರು ಸಲ ಮುಕ್ಕಾಲು ವೇಗದ ಓಟ. ಆಮೇಲೆ 20 ಮೀಟರ್ ನಾಲ್ಕು ಸಲ, 30 ಮೀಟರ್ ಮೂರ್ನಾಲ್ಕು ಸಲ. ಈ ವಯಸ್ಸಿಗೆ ಒಂದು ದಿನಕ್ಕೆ ಪೂರ್ತಿ ವೇಗದ ಓಟ ಎಲ್ಲಾ ಸೇರಿ 200ರಿಂದ 250 ಮೀಟರ್ ದಾಟುವುದು ಬೇಡ. ಹುಡುಗ ಇನ್ನೂ ಎರಡು ಓಡುತ್ತೇನೆ ಸರ್ ಅನ್ನುವಾಗಲೇ ನಿಲ್ಲಿಸಿ. ಮೂವತ್ತು ಮೀಟರ್ 4.4ರಲ್ಲಿ ಓಡುತ್ತಿದ್ದವನು 4.6ಕ್ಕೆ ಬಂದರೆ ಅವತ್ತಿನ ಕೆಲಸ ಮುಗಿಯಿತು, ಪಟ್ಟಿಯಲ್ಲಿ ಇನ್ನೆಷ್ಟೇ ಬಾಕಿ ಇರಲಿ.

ಸ್ಟಾರ್ಟ್ ನೋಡುವುದಕ್ಕೆ ವಿಡಿಯೋ ಬೇಕೇ ಬೇಕು ಅಂತಿಲ್ಲ. ನಿಮ್ಮದು ಮಣ್ಣಿನ ಮೈದಾನ ಆಗಿದ್ದರೆ ಅದೇ ಒಳ್ಳೇದು. ಒಂದು ಲೇನಿಗೆ ನೀರು ಚಿಮುಕಿಸಿ, ಗುಡಿಸಿ, ಹುಡುಗನನ್ನು ಒಂದು ಸಲ ಓಡಿಸಿ, ಆಮೇಲೆ ಅವನನ್ನೂ ಕರೆದುಕೊಂಡು ಹೋಗಿ ಹೆಜ್ಜೆ ಗುರುತು ನೋಡಿ. ಮೊದಲ ಏಳೆಂಟು ಹೆಜ್ಜೆಗಳಲ್ಲಿ ಮುಂಗಾಲಿನ ಗುರುತು ಆಳವಾಗಿರಬೇಕು, ಮಣ್ಣು ಹಿಂದಕ್ಕೆ ಸಿಡಿದಿರಬೇಕು. ಹೆಜ್ಜೆಯಿಂದ ಹೆಜ್ಜೆಗೆ ಅಂತರ ಸ್ವಲ್ಪ ಸ್ವಲ್ಪವೇ ಜಾಸ್ತಿಯಾಗುತ್ತಾ ಹೋಗಬೇಕು. ಮೂರನೇ ಹೆಜ್ಜೆಗೇ ಅಂತರ ದಿಢೀರ್ ಅಂತ ಹಿಗ್ಗಿ, ಹಿಮ್ಮಡಿ ಗುರುತು ಬಿದ್ದಿದ್ದರೆ ಅವನು ಕಾಲನ್ನು ಮೈಗಿಂತ ತುಂಬಾ ಮುಂದಕ್ಕೆ ಚಾಚಿದ್ದಾನೆ. ಅಂದರೆ ಪ್ರತಿ ಹೆಜ್ಜೆಗೂ ತಾನೇ ಬ್ರೇಕ್ ಹಾಕಿಕೊಂಡಿದ್ದಾನೆ. ಒಬ್ಬ ಹುಡುಗನಿಗೆ ಎರಡು ವಾರ ಬಾಯಲ್ಲಿ ಹೇಳಿದರೂ ತಲೆಗೆ ಹೋಗಿರಲಿಲ್ಲ. ಒದ್ದೆ ಮಣ್ಣಿನಲ್ಲಿ ತನ್ನದೇ ಹಿಮ್ಮಡಿ ಗುರುತು ನೋಡಿ, ಬಗ್ಗಿ ಬೆರಳಿಟ್ಟು ಮುಟ್ಟಿದ. ಮುಂದಿನ ಓಟದಲ್ಲೇ ತಿದ್ದಿಕೊಂಡ.

ಕಾಲು ಬೇಗ ಬೇಗ ಆಡಿಸು ಅಂತ ಕೂಗುವುದನ್ನೂ ಬಿಡಿ. ಅಮೆರಿಕದಲ್ಲಿ ಪೀಟರ್ ವೇಯಾಂಡ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಪೂರ್ತಿ ವೇಗದಲ್ಲಿರುವಾಗ ಕಾಲನ್ನು ಗಾಳಿಯಲ್ಲಿ ಮುಂದಕ್ಕೆ ತರಲು ವೇಗದ ಓಟಗಾರರಿಗೂ ನಿಧಾನದವರಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ದೊಡ್ಡ ವ್ಯತ್ಯಾಸ ಇರುವುದು ನೆಲಕ್ಕೆ ಕೊಡುವ ಬಲದಲ್ಲಿ. ಆ ಬಲ ಕೊಡಲು ಸಿಗುವ ಸಮಯವೂ ಕಡಿಮೆ, ದೊಡ್ಡ ಓಟಗಾರರ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ. ಹಾಗಾಗಿ "ನೆಲ ತಳ್ಳು" ಅಂತ ಹೇಳಿ. ಎರಡೇ ಪದ, ಓಡುವಾಗ ಕಿವಿಗೆ ಬೀಳುವಷ್ಟು.

ಕೊನೇ ಇಪ್ಪತ್ತು ಮೀಟರ್ ಇನ್ನೂ ಜೋರು ಅಂತ ಕೂಗುವುದೂ ಅಷ್ಟೇ. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ 9.58ರ ದಾಖಲೆ ಮಾಡಿದಾಗ 60ರಿಂದ 80 ಮೀಟರ್‌ವರೆಗೆ 1.61 ಸೆಕೆಂಡ್ ತೆಗೆದುಕೊಂಡ, ಕೊನೇ 20 ಮೀಟರ್‌ಗೆ 1.66. ಬೋಲ್ಟ್ ಕೂಡ ಕೊನೆಗೆ ನಿಧಾನವಾದ, ಅಲ್ವಾ? ನಿಮ್ಮ ಹುಡುಗ ಬಹುಶಃ 40 ಮೀಟರ್ ಹೊತ್ತಿಗೇ ತನ್ನ ಗರಿಷ್ಠ ವೇಗ ಮುಟ್ಟುತ್ತಾನೆ. ನಾವು ಕೂಗಿದಾಗ ಅವನು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಭುಜ ಕಿವಿಗೆ ತಾಗಿಸಿಕೊಂಡು ಇನ್ನೂ ಬೇಗ ನಿಧಾನವಾಗುತ್ತಾನೆ. ದವಡೆ ಸಡಿಲ ಬಿಡುವುದನ್ನು ಕಲಿಸಿ. ಗರಿಷ್ಠ ವೇಗ ಬೆಳೆಸಲು ವಾರದಲ್ಲಿ ಒಂದು ದಿನ 25 ಮೀಟರ್ ನಿಧಾನಕ್ಕೆ ವೇಗ ಏರಿಸಿಕೊಂಡು ಬಂದು, ಮುಂದಿನ 20 ಮೀಟರ್ ಮಾತ್ರ ಪೂರ್ತಿ ಬಿಟ್ಟು ಓಡುವ ಅಭ್ಯಾಸ ಮಾಡಿಸಿ. ನಾಲ್ಕು ಸಲ ಸಾಕು.

ಇನ್ನು ಬೈಕು. ದಯವಿಟ್ಟು ಬೇಡ. ಹಗ್ಗ ಎಳೆದರೆ ವೇಗ ಬರುವುದೇನೋ ನಿಜ, ಆದರೆ ಆ ವೇಗ ಹುಡುಗನದಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡಿಸುವ ಕೆಸರಿನ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆಯಾ? ನೂರು ಮೀಟರ್‌ಗೆ ಭಾಗಿಸಿ 9.55, ಬೋಲ್ಟ್‌ಗಿಂತ ಮುಂದೆ ಅಂತ ದೇಶವೆಲ್ಲ ಮಾತಾಡಿತು. ಕೆಸರಿನಲ್ಲಿ ಕೋಣಗಳ ಜೊತೆ ಅಷ್ಟು ವೇಗದಲ್ಲಿ ಬೀಳದೆ ಬರುವುದು ದೊಡ್ಡ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೋಣಗಳ ಎಳೆತ ಇದೆ, ಟ್ರ್ಯಾಕಿನಲ್ಲಿ ಅದಿಲ್ಲ. ಅವರು ಟ್ರ್ಯಾಕ್ ಟ್ರಯಲ್ಸ್‌ಗೆ ಹೋಗದೆ ತಮಗೆ ಕಂಬಳವೇ ಸರಿ ಅಂದರು, ಅದು ತಿಳಿದವರ ಮಾತು. ಬೆಳೆಯುವ ಹುಡುಗನನ್ನು ಬೈಕ್ ಅವನ ಶಕ್ತಿ ಮೀರಿ ಎಳೆದರೆ ತೊಡೆಯ ಹಿಂದಿನ ಸ್ನಾಯು ಹರಿಯಬಹುದು, ಬಿದ್ದರೆ ಮುಖವೇ ಮೊದಲು ನೆಲಕ್ಕೆ. ಎಳೆಯಲೇಬೇಕಾದರೆ ಹುಡುಗನೇ ಒಂದು ಹಳೇ ಸ್ಕೂಟರ್ ಟೈರ್ ಎಳೆಯಲಿ, 15-20 ಮೀಟರ್. ಟೈರ್ ಕಟ್ಟಿದಾಗ ಸಮಯ ಶೇಕಡಾ ಹತ್ತಕ್ಕಿಂತ ಜಾಸ್ತಿ ಏರಿದರೆ ಭಾರ ಇಳಿಸಿ.

ಒಂದು ಮುಖ್ಯ ವಿಷಯ ಕೇಳಲೇ ಇಲ್ಲ ನಾನು. ವಾಚ್ ಹೇಗೆ ಒತ್ತುತ್ತೀರಿ? ಸ್ಟಾರ್ಟ್‌ನಲ್ಲಿ ಯಾರೋ ವಿಷಲ್ ಊದಿ, ನೀವು ಫಿನಿಶ್ ಹತ್ತಿರ ಆ ಸದ್ದು ಕೇಳಿ ಒತ್ತುತ್ತಿದ್ದರೆ, ಸದ್ದು ನೂರು ಮೀಟರ್ ಬರಲು ಸುಮಾರು 0.3 ಸೆಕೆಂಡ್ ಹಿಡಿಯುತ್ತದೆ. ಒಂದು ದಿನ ಸದ್ದು ಕೇಳಿ, ಇನ್ನೊಂದು ದಿನ ಸ್ಟಾರ್ಟ್ ಕೊಡುವವರು ಕೈ ಇಳಿಸಿದ್ದು ನೋಡಿ ಒತ್ತಿದರೆ ನಾಲ್ಕು ತಿಂಗಳ ಸುಧಾರಣೆಯೆಲ್ಲ ಆ 0.3ರಲ್ಲೇ ಮುಚ್ಚಿಹೋಗುತ್ತದೆ. ಯಾವಾಗಲೂ ಕೈ ನೋಡಿಯೇ ಒತ್ತಿ. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕೂಟಕ್ಕೆ ಹೋದಾಗ ಅಲ್ಲಿ ಸಮಯ ಇನ್ನೂ ಜಾಸ್ತಿ ತೋರಿಸುತ್ತದೆ. ಕೈ ವಾಚಿನ ನೂರು ಮೀಟರ್ ಸಮಯಕ್ಕೆ 0.24 ಸೇರಿಸಿ ಹೋಲಿಸುವುದು ರೂಢಿ. ಹುಡುಗನಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಬೋರ್ಡಿನಲ್ಲಿ 13.04 ನೋಡಿ ಕುಸಿದುಹೋಗುತ್ತಾನೆ.

ವಾರಕ್ಕೆ ಎರಡು ಸಲ ತೊಡೆಯ ಹಿಂಭಾಗಕ್ಕೆ ವ್ಯಾಯಾಮ ಇರಲಿ: ಹುಡುಗ ಮಂಡಿಯೂರಿ ನಿಲ್ಲಲಿ, ಗೆಳೆಯ ಅವನ ಹಿಮ್ಮಡಿ ಗಟ್ಟಿಯಾಗಿ ಹಿಡಿಯಲಿ, ಅವನು ಬೆನ್ನು ನೇರ ಇಟ್ಟು ನಿಧಾನಕ್ಕೆ ಮುಂದಕ್ಕೆ ಬಾಗಲಿ. ಮೊದಲ ವಾರ ನಾಲ್ಕೈದು ಸಲ ಮಾತ್ರ. ಮೈ ನೋವು ಬರುತ್ತದೆ, ಹೆದರಬೇಡಿ.

ಎಂಟು ವಾರ ಹೀಗೆ ಮಾಡಿ ನೋಡಿ. ಹೋಬಳಿ ಕ್ರೀಡಾಕೂಟಕ್ಕೆ ಹತ್ತು ದಿನ ಇದ್ದಾಗ ಓಟವನ್ನು ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ. ಹಿಂದಿನ ದಿನ ವಾರ್ಮ್ ಅಪ್ ಮತ್ತು ಎರಡು ಸ್ಟಾರ್ಟ್ ಸಾಕು, ಬೇಗ ಮಲಗಲು ಕಳಿಸಿ. ಕೂಟದಲ್ಲಿ ಎಷ್ಟು ಓಡಿದ ಅಂತ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.