ಇಂಟೇಕ್ ಕಿಟ್ ಹಾಕಿಸಿದರೆ ಕಾರಿನ ಪವರ್ ಹೆಚ್ಚುತ್ತದೆಯೇ?

ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು, ಶಂಕುವಿನಾಕಾರದ ಫಿಲ್ಟರ್ ಮತ್ತು ಇಂಜಿನ್ನಿಗೆ ಗಾಳಿ ಒಯ್ಯುವ ಅಗಲ ಪೈಪಿನ ಇಂಟೇಕ್ ಕಿಟ್ ಹಾಕಿಸಬೇಕೆಂದು ಬರುವ ಯುವಕರು ಬೆಳಗಾವಿಯಲ್ಲಿ ಈಗ ಹೆಚ್ಚಾಗಿದ್ದಾರೆ. ಪಿಕಪ್ ಎಷ್ಟು ಹೆಚ್ಚುತ್ತದೆ ಎಂಬುದು ಅವರೆಲ್ಲರ ಪ್ರಶ್ನೆ. ಬೇರೆ ಯಾವ ಬದಲಾವಣೆಯನ್ನೂ ಮಾಡಿಸದೆ ದಿನನಿತ್ಯ ರಸ್ತೆಯಲ್ಲಿ ಓಡಿಸುವ ಕಾರಿಗೆ ನನ್ನ ಉತ್ತರ ಒಂದೇ: ಗಮನಕ್ಕೆ ಬರುವಷ್ಟು ಹೆಚ್ಚುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಭಾಗದ ಧೂಳಿನಲ್ಲಿ ಆ ಅಲ್ಪ ಲಾಭಕ್ಕಾಗಿ ಇಂಜಿನ್ನಿನ ಆಯುಷ್ಯವನ್ನೇ ಒತ್ತೆ ಇಡಬೇಕಾಗುತ್ತದೆ.

ಇಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂಬುದನ್ನು ಮೊದಲು ನೋಡೋಣ. 1.2 ಲೀಟರಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ತೆಗೆದುಕೊಳ್ಳುವುದರಿಂದ, 6000 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 6000 ಸುತ್ತು) ಲೆಕ್ಕದ ಪ್ರಕಾರ ನಿಮಿಷಕ್ಕೆ 3600 ಲೀಟರ್ ಗಾಳಿ ಬೇಕು. ಡಬ್ಬಿ, ಪೈಪು, ಕಾಗದದ ಮಡಿಕೆಗಳ ಅಳತೆಯನ್ನು ತಯಾರಕರು ಈ ಗರಿಷ್ಠ ಬೇಡಿಕೆಗೆ ತಕ್ಕಂತೆಯೇ ನಿಗದಿ ಮಾಡಿರುತ್ತಾರೆ. ಊರೊಳಗೆ ಓಡಿಸುವಾಗಲಂತೂ ಇದರ ಅಲ್ಪ ಭಾಗವಷ್ಟೇ ಬೇಕಾಗುತ್ತದೆ. ಆಗ ಗಾಳಿಯನ್ನು ತಡೆಯುವುದು ಫಿಲ್ಟರ್ ಅಲ್ಲ, ಆಕ್ಸಿಲರೇಟರ್ ಒತ್ತಿದಷ್ಟು ತೆರೆಯುವ, ಆಗ ಅರೆಬರೆ ತೆರೆದಿರುವ ಥ್ರಾಟಲ್ ಬಾಗಿಲು. ಹಾಗಾಗಿ ಇಂಟೇಕ್ ಬದಲಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂದಿನ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಕೂಡ ಮೈಲೇಜನ್ನು ಗಣನೀಯವಾಗಿ ತಗ್ಗಿಸುವುದಿಲ್ಲ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ವೇಗವರ್ಧನೆಯನ್ನು ಮಾತ್ರ ಕುಗ್ಗಿಸುತ್ತದೆ ಎಂದು ತೋರಿಸಿತು.

ಉಳಿದಿರುವುದು ಪೂರ್ತಿ ಆಕ್ಸಿಲರೇಟರ್ ಒತ್ತಿದ ಹೊತ್ತಿನ ಪವರ್. ಇದನ್ನು ಯಾರದೇ ಮಾತು ನಂಬದೆ ನೀವೇ ಅಳೆಯಬಹುದು. ಟರ್ಬೊ ಇಲ್ಲದ ಹಲವು ಪೆಟ್ರೋಲ್ ಕಾರುಗಳ ಇಂಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಯಲ್ಲಿ, ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ, ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದರೆ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಅದು 92–93 ಕಿಲೋಪಾಸ್ಕಲ್ ಆಸುಪಾಸು ಇರುತ್ತದೆ. ನಂತರ ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ಮೇಲಿನ ಆರ್‌ಪಿಎಂಗೆ ಹೋದಾಗ ಪಕ್ಕದಲ್ಲಿ ಕುಳಿತವರು ಅದೇ ಸಂಖ್ಯೆಯನ್ನು ಓದಬೇಕು. ಆಗ 90 ಎಂದು ತೋರಿಸಿದರೆ ಪೈಪು, ಫಿಲ್ಟರ್, ಥ್ರಾಟಲ್ ಬಾಡಿ ಎಲ್ಲ ಸೇರಿ ತಡೆಯುತ್ತಿರುವುದು ಶೇ 3ರಷ್ಟು ಮಾತ್ರ. ಅದರಲ್ಲಿ ಫಿಲ್ಟರಿನ ಪಾಲು ಇನ್ನೂ ಕಡಿಮೆ. ಅಂತರ ಇದಕ್ಕಿಂತ ಬಹಳ ಹೆಚ್ಚಿದ್ದರೆ ಮೊದಲು ಹೊಸ ಕಾಗದದ ಫಿಲ್ಟರ್ ಹಾಕಿ ಮತ್ತೆ ಓದಿ. ಕೆಲವು ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಬಿಸಿಯ ವಿಷಯ ಇದಕ್ಕಿಂತ ಮುಖ್ಯ. ಇಂಜಿನ್ನಿಗೆ ಬೇಕಾಗಿರುವುದು ಗಾಳಿಯ ಗಾತ್ರವಲ್ಲ, ತೂಕ. ಗಾಳಿ ಬಿಸಿಯಾದಷ್ಟೂ ಹಗುರಾಗುತ್ತದೆ, ಸ್ಥೂಲವಾಗಿ 3 ಡಿಗ್ರಿಗೆ ಶೇ 1ರಂತೆ. ಕಂಪನಿಯ ಡಬ್ಬಿಗೆ ಗಾಳಿ ಸಾಮಾನ್ಯವಾಗಿ ಮುಂದಿನ ಜಾಲರಿಯ ಹಿಂದಿನಿಂದ ಅಥವಾ ಹೆಡ್‌ಲೈಟ್ ಬದಿಯಿಂದ ಬರುತ್ತದೆ. ತೆರೆದ ಶಂಕುವಿನ ಫಿಲ್ಟರ್ ಬಾನೆಟ್ ಒಳಗೆ, ರೇಡಿಯೇಟರಿನ ಹಿಂದೆ ಕೂರುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಹೊರಗೆ 40 ಡಿಗ್ರಿ ಇದ್ದು, ಸಿಗ್ನಲ್ಲಿನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ 60 ಆಯಿತೆಂದುಕೊಳ್ಳಿ: ಶೇ 6ರಷ್ಟು ಗಾಳಿ ಅಲ್ಲೇ ಹೋಯಿತು, ಅಂದರೆ ಫಿಲ್ಟರ್ ಬದಲಿಸಿ ಗಳಿಸಬಹುದಾಗಿದ್ದುದರ ದುಪ್ಪಟ್ಟು. ಅದರ ಮೇಲೆ, ಬಿಸಿ ಗಾಳಿಗೆ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಆಗದಿರಲೆಂದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಗ್ನಿಷನ್ ಟೈಮಿಂಗನ್ನೂ (ಕಿಡಿ ಹಾರಿಸುವ ಹೊತ್ತನ್ನು) ಹಿಂದಕ್ಕೆ ಎಳೆಯುತ್ತದೆ, ಅದರಿಂದಲೂ ಪವರ್ ಇಳಿಯುತ್ತದೆ.

ಹಾಗಾದರೆ ಹಾಕಿಸಿದವರಿಗೆ ಗಾಡಿ ಚುರುಕಾಯಿತೆಂದು ಅನಿಸುವುದೇಕೆ? ಕಂಪನಿಯ ಡಬ್ಬಿಯ ಜೊತೆಗಿನ ರೆಸೊನೇಟರ್ ಎಂಬ ಖಾಲಿ ಕೋಣೆ ಗಾಳಿ ಎಳೆಯುವ ಸದ್ದನ್ನು ನುಂಗುತ್ತದೆ. ಅದನ್ನು ತೆಗೆದಾಗ ಇಂಜಿನ್ ಗರ್ಜಿಸುತ್ತದೆ, ಮನಸ್ಸು ಅದನ್ನು ವೇಗವೆಂದು ಗ್ರಹಿಸುತ್ತದೆ. ಆ ಸದ್ದು ಇಷ್ಟವಾಗುವುದು ತಪ್ಪಲ್ಲ, ಆದರೆ ಅದನ್ನು ಪವರ್ ಎಂದು ಮಾರುವುದು ತಪ್ಪು.

ಧೂಳಿನ ಬಗ್ಗೆ ನನಗೆ ನಿಜವಾದ ಆತಂಕವಿದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಹತ್ತು ನಿಮಿಷ ಸಾಗಿದವರಿಗೆ ಆ ಧೂಳು ಎಂಥದೆಂದು ಹೇಳಬೇಕಾಗಿಲ್ಲ. ಫಿಲ್ಟರುಗಳನ್ನು ಐಎಸ್‌ಒ 5011 ಮಾನದಂಡದಂತೆ ಪರೀಕ್ಷಿಸುತ್ತಾರೆ. ಒಂದು ಫಿಲ್ಟರ್ ಶೇ 99ರಷ್ಟು, ಇನ್ನೊಂದು ಶೇ 97ರಷ್ಟು ಧೂಳು ಹಿಡಿದರೆ ವ್ಯತ್ಯಾಸ ಸಣ್ಣದೆಂದು ಕಾಣುತ್ತದೆ. ಆದರೆ ಒಳಗೆ ಹೋಗುವ ಧೂಳು ಎರಡನೆಯದರಲ್ಲಿ ಮೂರು ಪಟ್ಟು. ಅದರಲ್ಲಿರುವ ಸಿಲಿಕಾ ಕಣಗಳು ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತವೆ. ಅಗ್ಗದ ಕಿಟ್ ಹಾಕಿದ ಕಾರಿನಲ್ಲಿ ಫಿಲ್ಟರಿನಿಂದಾಚೆಗಿನ ಪೈಪನ್ನು ಬಿಚ್ಚಿ, ಒಳಗೋಡೆಗೆ ಬಿಳಿ ಬಟ್ಟೆ ಒರೆಸಿ ನೋಡಿ. ಸ್ವಚ್ಛವಾಗಿರಬೇಕಾದ ಆ ಜಾಗದಿಂದ ಬಟ್ಟೆಗೆ ನುಣ್ಣನೆಯ ಕಂದು ಪುಡಿ ಅಂಟಿದರೆ, ಬೆರಳಿನ ನಡುವೆ ಉಜ್ಜಿದಾಗ ಅದು ಗರಗರ ಎಂದರೆ, ರಿಂಗುಗಳ ಸವೆತ ಶುರುವಾಗಿದೆ ಎಂದೇ ತಿಳಿಯಬೇಕು. ಮೊದಲು ಆಯಿಲ್ ಕಡಿಮೆಯಾಗತೊಡಗುತ್ತದೆ, ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. (ಗ್ಯಾರೇಜಿನಲ್ಲಿ ಕಾಗದದ ಫಿಲ್ಟರಿಗೆ ಜೋರಾಗಿ ಹವಾ ಹೊಡೆಸುವುದೂ ಬೇಡ, ಮಡಿಕೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.)

ಡೀಸೆಲ್ ಇಂಜಿನ್ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುತ್ತದೆ, ಅದರ ಪವರ್ ನಿರ್ಧಾರವಾಗುವುದು ಇಂಜೆಕ್ಟರ್ ಬಿಡುವ ಡೀಸೆಲ್ಲಿನಿಂದ. ಆದ್ದರಿಂದ ಬರೀ ಇಂಟೇಕಿನಿಂದ ಏನೂ ಸಿಗದು. ಟರ್ಬೊ ಪೆಟ್ರೋಲ್ ಕಾರಿಗೆ ಇಸಿಯು ರೀಮ್ಯಾಪ್ ಮಾಡಿಸಿ (ಅದರ ಸಾಫ್ಟ್‌ವೇರ್ ಬದಲಿಸಿ) ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವ ಒತ್ತಡ, ಏರಿಸಿದವರ ಮಾತು ಬೇರೆ. ಅಲ್ಲಿ ಗಾಳಿಯ ಬೇಡಿಕೆಯೇ ಏರಿರುವುದರಿಂದ, ಮುಚ್ಚಿದ ಡಬ್ಬಿಯುಳ್ಳ ಒಳ್ಳೆಯ ಇಂಟೇಕ್ ತನ್ನ ಬೆಲೆಯನ್ನು ತೀರಿಸುತ್ತದೆ.

ಈಗಾಗಲೇ ಹಾಕಿಸಿಕೊಂಡವರಿಗೆ ಎರಡು ಮಾತು. ಎಣ್ಣೆ ಸವರುವ ಬಟ್ಟೆಯ ಫಿಲ್ಟರ್ ಆಗಿದ್ದು, ಕಾರಿನಲ್ಲಿ ಗಾಳಿಯ ಹರಿವನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದರೆ, ತೊಳೆದ ಮೇಲೆ ಎಣ್ಣೆಯನ್ನು ಮಿತವಾಗಿ ಹಾಕಿ; ಹೆಚ್ಚಾದ ಎಣ್ಣೆ ಸೆನ್ಸರಿನ ಬಿಸಿ ತಂತಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ. ತಂಪು ಗಾಳಿಗೆಂದು ಫಿಲ್ಟರನ್ನು ಬಂಪರಿನ ಕೆಳಭಾಗಕ್ಕೆ ಇಳಿಸಿದ್ದರೆ, ಜುಲೈ ಮಳೆಯಲ್ಲಿ ಖಾನಾಪುರದ ಕಡೆ ನಿಂತ ನೀರಿಗೆ ಕಾರು ಇಳಿಸಬೇಡಿ. ಸಿಲಿಂಡರಿಗೆ ಹೋದ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಕಾರು ನೀರಿನಲ್ಲಿ ನಿಂತುಬಿಟ್ಟರೆ ಸೆಲ್ಫ್ ಹೊಡೆಯದೆ ತಳ್ಳಿ ಹೊರತನ್ನಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೀರು ತೆಗೆಸಿದ ನಂತರವೇ ಚಾಲೂ ಮಾಡಿಸಿ.