ಸದ್ದು ಬಂದ ದಿಕ್ಕು

ಮಳೆಗಾಲ ಮುಗಿದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಬೈಲುಗಳಲ್ಲಿ ರಾತ್ರಿ ಬಯಲಾಟ ನಡೆಯುವಾಗ, ಗುಡ್ಡದಾಚೆ ಜಗಲಿಯಲ್ಲಿ ಮಲಗಿದವರಿಗೂ ಚೆಂಡೆಯ ಪೆಟ್ಟು ಕೇಳಿಸುತ್ತದೆ. ಆಟ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಅವರು ಕಣ್ಣು ತೆರೆಯದೆಯೇ ಹೇಳಬಲ್ಲರು. ಒಂದೇ ಸಮನೆ ಮೊಳಗುವ ಶ್ರುತಿಯ ದಿಕ್ಕನ್ನು ಹೇಳುವುದು ಅಷ್ಟು ಸುಲಭವಲ್ಲ. ಚೆಂಡೆಯ ಪ್ರತಿ ಪೆಟ್ಟಿಗೂ ಚೂಪಾದ ಆರಂಭವಿದೆ. ಕಿವಿ ಹಿಡಿಯುವುದು ಆ ಆರಂಭವನ್ನೇ.

ಬಲಗಡೆಯಿಂದ ಬಂದ ಸದ್ದು ತಲೆಯನ್ನು ಸುತ್ತಿಕೊಂಡು ಎಡಗಿವಿಗೆ ತಲುಪುವಾಗ ಹೆಚ್ಚೆಂದರೆ 0.65 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ. ಮಿದುಳು ಇದಕ್ಕಿಂತ ಎಷ್ಟೋ ಚಿಕ್ಕದಾದ, ಸುಮಾರು 10 ಮೈಕ್ರೊಸೆಕೆಂಡಿನ ವ್ಯತ್ಯಾಸವನ್ನೂ ಗುರುತಿಸಬಲ್ಲದು. ತಗ್ಗು ಸ್ವರಗಳಲ್ಲಿ ಈ ಕಾಲದ ಅಂತರವೂ, ಏರು ಸ್ವರಗಳಲ್ಲಿ ತಲೆಯ ಮರೆಯಿಂದ ಒಂದು ಕಿವಿಗೆ ಸದ್ದು ಕುಗ್ಗುವುದೂ ಮುಖ್ಯ ಸುಳಿವುಗಳೆಂದು ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲಿ ವಿವರಿಸಿದರು. ಕೊಟ್ಟಿಗೆಯ ಗೋಡೆಗೆ ತಾಗಿ ಮರಳುವ ಸದ್ದು ನಮ್ಮನ್ನು ಅಷ್ಟಾಗಿ ದಾರಿ ತಪ್ಪಿಸದಿರುವುದಕ್ಕೂ ಕಾರಣವಿದೆ: ಮೊದಲು ಬಂದ ಅಲೆಯ ದಿಕ್ಕನ್ನು ಮಿದುಳು ನಂಬುತ್ತದೆ, ಅದರ ಬೆನ್ನಿಗೇ ಬಂದ ಪ್ರತಿಧ್ವನಿಯ ದಿಕ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟಾದರೂ ಎರಡು ಕಿವಿಗಳಿಗೆ ಒಂದು ದೊಡ್ಡ ಕೊರತೆಯಿದೆ. ನೇರ ಮುಂದಿನಿಂದ ಬಂದ ಸದ್ದಿಗೂ ನೇರ ಹಿಂದಿನಿಂದ ಬಂದ ಸದ್ದಿಗೂ ಕಾಲದ ಅಂತರ ಒಂದೇ, ಅಂದರೆ ಸೊನ್ನೆ. ಕಿವಿಯ ಹಾಳೆಯ ಮಡಿಕೆಗಳು ಇಲ್ಲಿ ಸ್ವಲ್ಪ ನೆರವಾಗುತ್ತವೆ. ಅದೂ ಸಾಲದಾದಾಗ ನಾವು ಅರಿವಿಲ್ಲದೆಯೇ ತಲೆ ತಿರುಗಿಸುತ್ತೇವೆ. ಈ ಚಿಕ್ಕ ಚಲನೆಯೇ ನನಗೆ ಇಡೀ ವಿಷಯದ ತಿರುಳಾಗಿ ಕಾಣುತ್ತದೆ.

ಯಂತ್ರಕ್ಕೂ ಇದೇ ತೊಡಕು ಎದುರಾಗುತ್ತದೆ. ಜಾತ್ರೆಯಲ್ಲಿ ಸಿಡಿಸಿದ ಗರ್ನಾಲಿನ ಸ್ಥಳವನ್ನು ಕಂಡುಹಿಡಿಯಲು ಉಪ್ಪಳ ಮತ್ತು ಕುಂಬಳೆಯ ನಡುವೆ ಹೆದ್ದಾರಿಯ ಬದಿಯಲ್ಲಿ ಒಂದೇ ನೇರದಲ್ಲಿ ನಾಲ್ಕು ಮೈಕ್ರೊಫೋನುಗಳನ್ನು ನಿಲ್ಲಿಸಿದೆವೆನ್ನಿ. ಸಿಡಿದ ಹೊತ್ತು ನಮಗೆ ತಿಳಿಯದು. ಒಂದು ಮೈಕ್ರೊಫೋನಿಗಿಂತ ಇನ್ನೊಂದಕ್ಕೆ ಸದ್ದು ಎಷ್ಟು ತಡವಾಗಿ ಬಂತು ಎಂಬುದಷ್ಟೇ ತಿಳಿಯುತ್ತದೆ. ಅಂಥ ಪ್ರತಿಯೊಂದು ಅಂತರವೂ ನಕ್ಷೆಯ ಮೇಲೆ ಒಂದು ಅತಿಪರವಲಯದ (ಎರಡು ಬಿಂದುಗಳಿಂದ ಇರುವ ದೂರಗಳ ವ್ಯತ್ಯಾಸ ಎಲ್ಲೆಡೆಯೂ ಒಂದೇ ಆಗಿರುವ ಬಾಗಿನ) ಗೆರೆಯನ್ನು ಎಳೆಯುತ್ತದೆ, ಗೆರೆಗಳು ಕೂಡುವಲ್ಲಿ ಸದ್ದಿನ ಮೂಲವಿರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಮತ್ತು ಸಂಗಡಿಗರು ಶತ್ರುವಿನ ಫಿರಂಗಿಗಳನ್ನು ಹುಡುಕಿದ್ದು ಇದೇ ತತ್ತ್ವದಿಂದ. ಆದರೆ ನಮ್ಮ ಹೆದ್ದಾರಿಯ ಸಾಲಿನಲ್ಲಿ ಗೆರೆಗಳು ಎರಡು ಕಡೆ ಕೂಡುತ್ತವೆ, ಮೂಡಣದ ಗುಡ್ಡದಲ್ಲಿ ಒಮ್ಮೆ ಮತ್ತು ಪಡುವಣದ ಕಡಲಿನಲ್ಲಿ ಇನ್ನೊಮ್ಮೆ. ಅದೇ ಸಾಲಿನಲ್ಲಿ ಇನ್ನೂ ಹತ್ತು ಮೈಕ್ರೊಫೋನುಗಳನ್ನಿಟ್ಟರೂ ಈ ಗೊಂದಲ ಬಗೆಹರಿಯದು. ಸಾಲು ಬಿಟ್ಟು ಗುಡ್ಡದ ಕಡೆಗೆ ಒಂದನ್ನು ಸರಿಸಿದರೆ ಸಾಕು, ಬಗೆಹರಿಯುತ್ತದೆ.

ಅಳತೆಗಳು ಎಂದೂ ಪೂರ್ತಿ ಸರಿಯಾಗಿರುವುದಿಲ್ಲ. ಇಲ್ಲಿಯ 27 ಡಿಗ್ರಿಯ ರಾತ್ರಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 347 ಮೀಟರ್, ಆದ್ದರಿಂದ ನೂರರಲ್ಲೊಂದು ಸೆಕೆಂಡಿನ ತಪ್ಪು ದೂರದಲ್ಲಿ ಮೂರೂವರೆ ಮೀಟರಿನ ತಪ್ಪಾಗುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹೀಗಾಗಿ ಗೆರೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುವುದೇ ಇಲ್ಲ. ಆಗ ಪ್ರತಿ ಅಳತೆಯೊಂದಿಗೂ ಇರುವ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ, ಆ ಮೊತ್ತ ಎಲ್ಲಿ ಅತಿ ಕಡಿಮೆಯೋ ಆ ಸ್ಥಳವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಧೂಮಕೇತುಗಳ ಕಕ್ಷೆಗಾಗಿ ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನವಿದು. ಗಣಕ ಒಂದು ಊಹೆಯಿಂದ ಹೊರಟು, ಮೊತ್ತ ಇಳಿಯುವ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತದೆ. ಇಲ್ಲಿ ಒಂದು ಅಪಾಯವಿದೆ. ನಮ್ಮ ಮುರಕಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಮಳೆನೀರು ಬೈಲಿಗೆ ಇಳಿಯದೆ ಪಳ್ಳಗಳಲ್ಲಿ ನಿಂತುಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಸುತ್ತಲೂ ಏರೇ ಇರುವುದರಿಂದ ಆ ನೀರಿಗೆ ಪಳ್ಳವೇ ಅತಿ ತಗ್ಗು. ಲೆಕ್ಕವೂ ಹಾಗೆಯೇ ನಡುದಾರಿಯ ತಗ್ಗಿನಲ್ಲಿ ನಿಂತು ಅದನ್ನೇ ಉತ್ತರವೆಂದು ಕೊಡಬಹುದು. ಬೇರೆ ಬೇರೆ ಕಡೆಯ ಊಹೆಗಳಿಂದ ಮತ್ತೆ ಮತ್ತೆ ಹೊರಟು, ಸಿಕ್ಕ ಉತ್ತರಗಳಲ್ಲಿ ಅತಿ ತಗ್ಗಿನದನ್ನು ಆರಿಸುವುದು ಇದಕ್ಕಿರುವ ಸರಳವಾದ ಉಪಾಯ.

ಲೆಕ್ಕ ಮಾಡುವ ಪ್ರೊಸೆಸರನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಒಂದು ಕಣವೋ, ಚಿಪ್ಪಿನ ಹೊದಿಕೆಯಲ್ಲಿರುವ ವಿಕಿರಣದ ಅಂಶವೋ ಒಂದು ಬಿಟ್ಟನ್ನು, ಅಂದರೆ ಗಣಕ ಸಂಖ್ಯೆಗಳನ್ನು ಬರೆದಿಡುವ ಸೊನ್ನೆ-ಒಂದುಗಳ ಸಾಲಿನ ಒಂದು ಅಂಕೆಯನ್ನು, ಸೊನ್ನೆಯಿಂದ ಒಂದಕ್ಕೆ ತಿರುಗಿಸಬಲ್ಲದು. 2003ರಲ್ಲಿ ಬೆಲ್ಜಿಯಮ್ಮಿನ ಸ್ಕಾರ್‌ಬೇಕ್‌ನಲ್ಲಿ ಚುನಾವಣೆಯ ಗಣಕದಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತಗಳು ಹೆಚ್ಚಾಗಿ ದಾಖಲಾದವು. ಬಿಟ್ಟುಗಳ ಬೆಲೆ 1, 2, 4 ಎಂದು ಇಮ್ಮಡಿಸುತ್ತಾ ಹೋಗುವುದರಿಂದ, ಹದಿಮೂರನೆಯ ಬಿಟ್ ಒಂದೇ ತಿರುಗಿದರೆ ಉಂಟಾಗುವ ವ್ಯತ್ಯಾಸ ಅಷ್ಟೇ. ಮೀಟರುಗಳಲ್ಲಿ ಬರೆದಿಟ್ಟ ನಮ್ಮ ಗರ್ನಾಲಿನ ಸ್ಥಳದಲ್ಲಿ ಅದೇ ಬಿಟ್ ತಿರುಗಿದರೆ, ಕುಂಬಳೆಯ ಪೇಟೆಯಲ್ಲಿ ಸಿಡಿದದ್ದು ನಾಲ್ಕು ಕಿಲೋಮೀಟರ್ ಸರಿದು ಅರಬ್ಬೀ ಸಮುದ್ರದಲ್ಲಿ ಸಿಡಿದಂತಾಗಬಹುದು.

ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟುವ ಬಗೆಯನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1956ರ ಪ್ರಬಂಧದಲ್ಲಿ ವಿವರಿಸಿದರು. ಒಂದೇ ಲೆಕ್ಕವನ್ನು ಮೂರು ಘಟಕಗಳಿಗೆ ಕೊಟ್ಟು ಬಹುಮತವನ್ನು ಒಪ್ಪುವ ವಿನ್ಯಾಸ ಈ ಬಗೆಯದು. ಚಂದ್ರನಿಗೆ ಹೊರಟ ಸ್ಯಾಟರ್ನ್ 5 ರಾಕೆಟ್ಟಿನ ಗಣಕದಲ್ಲಿ ಅದು ಬಳಕೆಯಾಯಿತು. ಒಂದು ಘಟಕ ಸಾವಿರಕ್ಕೊಮ್ಮೆ ತಪ್ಪುವುದಾದರೆ, ಎರಡಾದರೂ ಒಟ್ಟಿಗೆ ತಪ್ಪುವುದು ಹತ್ತು ಲಕ್ಷದಲ್ಲಿ ಸುಮಾರು ಮೂರು ಸಲ ಮಾತ್ರ. ಆದರೆ ಈ ಲೆಕ್ಕ ನಿಲ್ಲುವುದು ಪ್ರತಿ ಘಟಕದ ತಪ್ಪೂ ಬಿಡಿಬಿಡಿಯಾಗಿದ್ದಾಗ. 1994ರಲ್ಲಿ ಪೆಂಟಿಯಂ ಚಿಪ್ಪಿನ ಭಾಗಾಕಾರದ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದುದು ಬೆಳಕಿಗೆ ಬಂತು. ಅಂಥ ಮೂರು ಚಿಪ್ಪುಗಳನ್ನು ಕೂರಿಸಿ ಮತ ಕೇಳಿದ್ದರೆ ಮೂರೂ ಅದೇ ತಪ್ಪು ಉತ್ತರವನ್ನು ಒಮ್ಮತದಿಂದ ಕೊಡುತ್ತಿದ್ದವು, ಹೆದ್ದಾರಿಯ ಸಾಲಿನ ಮೈಕ್ರೊಫೋನುಗಳೆಲ್ಲ ಕಡಲನ್ನೂ ಗುಡ್ಡವನ್ನೂ ಒಂದೇ ಎಂದು ಹೇಳುವ ಹಾಗೆ. ಆದ್ದರಿಂದಲೇ ಅತಿ ಎಚ್ಚರದ ಕೆಲಸಗಳಲ್ಲಿ ಮೂರು ಘಟಕಗಳನ್ನು ಬೇರೆ ಬೇರೆ ತಂಡಗಳಿಂದ, ಬೇರೆ ಬೇರೆ ವಿನ್ಯಾಸಗಳಲ್ಲಿ ಮಾಡಿಸುವುದುಂಟು.