ಪ್ಯಾನೆಲ್ ದೊಡ್ಡದಿದ್ದೂ ಬ್ಯಾಟರಿ ತುಂಬುತ್ತಿಲ್ಲವೇ?

ಕರೆಂಟಿನ ಲೈನ್ ಬರದ ಮಲೆನಾಡಿನ ಒಂಟಿ ಮನೆಗೆ ಸೋಲಾರ್ ಹಾಕಿಸುವವರು ಮೊದಲು ಕೇಳುವುದು ಪ್ಯಾನೆಲ್ ಎಷ್ಟು ವ್ಯಾಟ್ ಅಂತ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರನ್ನು ವಿಚಾರಿಸುವವರು ಕಡಿಮೆ. ಎಷ್ಟೋ ಕಡೆ ಕರೆಂಟು ಸೋರಿಹೋಗುವುದು ಅಲ್ಲೇ.

ಲೆಕ್ಕ ನೋಡಿ. 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ಸುಮಾರು 37 ವೋಲ್ಟಿನಲ್ಲಿ 9 ಆಂಪಿಯರ್ ಕೊಡುತ್ತದೆ. ಅದನ್ನು ಪಿಡಬ್ಲ್ಯೂಎಂ ಅನ್ನುವ ಅಗ್ಗದ ಬಗೆಯ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಏನಾಗುತ್ತದೆ? ಈ ಕಂಟ್ರೋಲರ್ ಬರೀ ವೇಗವಾಗಿ ಆನ್ ಆಫ್ ಆಗುವ ಸ್ವಿಚ್ಚು, ಹಾಗಾಗಿ ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿ ತನ್ನ 13ಕ್ಕೆ ಎಳೆದುಕೊಂಡು ಬಿಡುತ್ತದೆ, ಆಂಪಿಯರ್ ಮಾತ್ರ ಅದೇ 9. ಗುಣಿಸಿದರೆ 117 ವ್ಯಾಟ್. ದುಡ್ಡು ಕೊಟ್ಟಿದ್ದು 330ಕ್ಕೆ, ಅಲ್ವಾ?

ಎಂಪಿಪಿಟಿ ಅನ್ನುವ ಇನ್ನೊಂದು ಬಗೆಯ ಕಂಟ್ರೋಲರ್ ವೋಲ್ಟೇಜ್ ಇಳಿಸಿ ಆಂಪಿಯರ್ ಏರಿಸುತ್ತದೆ. 37 ವೋಲ್ಟಿನ 9 ಆಂಪಿಯರ್ ಒಳಗೆ ಹೋದರೆ, ಚೂರು ನಷ್ಟ ಕಳೆದು, 13 ವೋಲ್ಟಿನ ಸುಮಾರು 24 ಆಂಪಿಯರ್ ಹೊರಗೆ ಬರುತ್ತದೆ. ಮೋಡ ಬಂದು ಬಿಸಿಲು ಬದಲಾದಾಗಲೆಲ್ಲ ವೋಲ್ಟೇಜನ್ನು ಚೂರು ಹೆಚ್ಚು ಕಡಿಮೆ ಮಾಡಿ, ಎಲ್ಲಿ ಜಾಸ್ತಿ ವ್ಯಾಟ್ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಕೊಳ್ಳುವಾಗ ಅದು ತಡೆಯುವ ಗರಿಷ್ಠ ವೋಲ್ಟೇಜ್ ನೋಡಿಕೊಳ್ಳಿ. ಚಳಿಯ ಬೆಳಿಗ್ಗೆ ಪ್ಯಾನೆಲ್ ವೋಲ್ಟೇಜ್ ಏರುತ್ತದೆ, ಮಿತಿ ದಾಟಿದರೆ ಕಂಟ್ರೋಲರ್ ಸುಟ್ಟುಹೋಗಬಹುದು.

ಹಾಗಂತ ಎಲ್ಲರಿಗೂ ಎಂಪಿಪಿಟಿ ಬೇಕಿಲ್ಲ. 36 ಸೆಲ್ಲಿನ ಪ್ಯಾನೆಲ್ 18 ವೋಲ್ಟಿನದು, ಬಿಸಿಲಿಗೆ ಕಾದಾಗ ಅದು ಇನ್ನೂ ಇಳಿದು ಬ್ಯಾಟರಿಯ ಹತ್ತಿರಕ್ಕೇ ಬರುತ್ತದೆ. ನಾಲ್ಕು ದೀಪ, ಒಂದು ಮೊಬೈಲಿಗೆ ಪಿಡಬ್ಲ್ಯೂಎಂ ಧಾರಾಳ ಸಾಕು.

ಇನ್ನೊಂದು ಸೋರಿಕೆ, ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಮಾಡುವ ಇನ್ವರ್ಟರಿನದು. ಏನೂ ಉರಿಯದಿದ್ದರೂ ಅನೇಕ ಇನ್ವರ್ಟರುಗಳು 10ರಿಂದ 20 ವ್ಯಾಟ್ ಸುಮ್ನೆ ತಿನ್ನುತ್ತವೆ. 15 ಅಂತಿಟ್ಟುಕೊಂಡರೂ ದಿನಕ್ಕೆ 360 ವ್ಯಾಟ್ ಅವರ್. 12 ವೋಲ್ಟಿನ 100 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿಯಿಂದ ಅದರ ಆಯಸ್ಸು ಕೆಡದಂತೆ ತೆಗೆಯಬಹುದಾದದ್ದೇ ಸುಮಾರು 600 ವ್ಯಾಟ್ ಅವರ್! ಅದಕ್ಕೇ ದೀಪ, ಮೊಬೈಲ್, ಕಡಿಮೆ ಕರೆಂಟಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್ ಇವನ್ನೆಲ್ಲ ನೇರ ಡಿಸಿಯಲ್ಲೇ ಓಡಿಸಿ ಅನ್ನುವುದು ನನ್ನ ಒತ್ತಾಯ, ಇನ್ವರ್ಟರ್ ಮಿಕ್ಸಿಗೆ ಬೇಕಾದಾಗ ಮಾತ್ರ ಆನ್ ಆಗಲಿ.

ಡಿಸಿಯಲ್ಲಿ ತೊಡಕು ವೈರಿನದು. 12 ವೋಲ್ಟಿನಲ್ಲಿ ಆಂಪಿಯರ್ ಜಾಸ್ತಿ, ವೈರ್ ಉದ್ದವಾದರೆ ದೀಪ ಮಂಕಾಗುತ್ತದೆ. ಅದೇ ವೈರಿನಲ್ಲಿ ಅಷ್ಟೇ ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಆಂಪಿಯರ್ ಕಾಲು ಭಾಗಕ್ಕೆ ಇಳಿಯುತ್ತದೆ, ವೈರಿನ ನಷ್ಟ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಮೊದಲಿನ 16ರಲ್ಲಿ ಒಂದು ಪಾಲಾಗುತ್ತದೆ. ಐಐಟಿ ಮದ್ರಾಸಿನವರು ಮನೆಗಳಿಗೆ ಇನ್ವರ್ಟರ್ ಇಲ್ಲದ ಸೋಲಾರ್ ರೂಪಿಸಿದಾಗ 48 ವೋಲ್ಟನ್ನೇ ಆರಿಸಿಕೊಂಡರು.